ತಲೆಗೆ ಒಂದು ಓಮೆರ್

(ಉಡುಪಿಯ ಸಂಜೆಯ ಬೈಬಲ್ ಅಧ್ಯಯನ ಕೂಟಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸ)

ಪ್ರಿಯರೇ,

ಸತ್ಯವೇದ ತಂದವರು ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ತೆರೆದಿಟ್ಟುಕೊಳ್ಳಿ. 36 ವಚನಗಳಿವೆ. ಅವಸರವಿಲ್ಲದೆ ಗಟ್ಟಿಯಾಗಿ ಓದಿದರೆ ಐದಾರು ನಿಮಿಷ ಹಿಡಿಯುತ್ತದೆ. ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ದಿನದಿನವೂ ಕೊಟ್ಟ ಆಹಾರವಾದ ಮನ್ನದ ಕಥೆ ಭಾನುವಾರ ಶಾಲೆಯ ದಿನಗಳಿಂದಲೇ ನಮಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಅದರ ಅರ್ಧ ಭಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆಕಾಶದಿಂದ ಆಹಾರ ಬಿತ್ತು ಎಂಬಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಮನ್ನ ಬಿದ್ದದ್ದನ್ನು ಹೇಳಲು ಇಲ್ಲಿ 13, 14ನೆಯ ವಚನಗಳಷ್ಟೇ ಸಾಕಾಗಿವೆ. ಜನ ಗುಣುಗುಟ್ಟಿದ ಭಾಗವನ್ನು ಬಿಟ್ಟರೆ ಉಳಿದ ಬಹುಪಾಲು ಬೇರೆಯೇ ವಿಚಾರ: ಎಷ್ಟು ಕೂಡಿಸಬೇಕು, ಯಾವ ಹೊತ್ತಿಗೆ ಕೂಡಿಸಬೇಕು, ಯಾರ ಲೆಕ್ಕಕ್ಕೆ, ಎಷ್ಟು ದಿನ ಇಡಬಹುದು. ದೇವರು ಅದ್ಭುತವನ್ನು ಮಾಡಿದ ಮೇಲೆ ಅಳತೆಯನ್ನು ಕಲಿಸುತ್ತಾನೆ. ನಂಬಿಗಸ್ತ ಬದುಕು ಅಂದರೆ ದಿನದ ಪಾಲನ್ನು ಆ ದಿನವೇ ಕೂಡಿಸುವ ರೂಢಿ. ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಕಾಲ ಮತ್ತು ಸ್ಥಳ. ಇಸ್ರಾಯೇಲ್ಯರು ತಾವು ಗುಲಾಮರಾಗಿದ್ದ ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಟದ್ದು ಮೊದಲನೆಯ ತಿಂಗಳ 15ನೆಯ ದಿನ. ಸೀನ್ ಮರುಭೂಮಿಗೆ ಬಂದದ್ದು ಎರಡನೆಯ ತಿಂಗಳ 15ನೆಯ ದಿನ. ಸರಿಯಾಗಿ ಒಂದು ತಿಂಗಳು. ಅದಕ್ಕೆ ಸ್ವಲ್ಪ ಮುಂಚೆ ಅವರು ಏಲೀಮಿನಲ್ಲಿದ್ದರು. ಅಲ್ಲಿ 12 ಬುಗ್ಗೆಗಳು, 70 ಖರ್ಜೂರದ ಮರಗಳು. ನೀರು, ನೆರಳು ಎರಡೂ ಇದ್ದ ಜಾಗವನ್ನು ಬಿಟ್ಟು ಒಣನೆಲಕ್ಕೆ ಕಾಲಿಟ್ಟಾಗ ಐಗುಪ್ತದ ಮಾಂಸದ ಪಾತ್ರೆಗಳ ನೆನಪಾಯಿತು. ಬೆನ್ನ ಮೇಲಿನ ಬಾಸುಂಡೆ ಮಾಸಿರಲಿಲ್ಲ, ಆದರೂ ನೆನಪಾದದ್ದು ಪಾತ್ರೆ. ಹಸಿದವನ ನೆನಪು ಹಾಗೆಯೇ ಇರುತ್ತದೆ. ಅವರನ್ನು ಬೈಯುವ ಅವಸರ ನಮಗೆ ಬೇಡ. ದೇವರೂ ಆ ಹೊತ್ತಿಗೆ ಅವರನ್ನು ಬೈಯಲಿಲ್ಲ. ಸಂಜೆ ಲಾವಕ್ಕಿ, ಬೆಳಿಗ್ಗೆ ಮನ್ನ ಕೊಟ್ಟ.

ಇನ್ನು ಅಳತೆ. ತಲೆಗೆ ಒಂದು ಓಮೆರ್. ಅಧ್ಯಾಯದ ಕೊನೆಯ ವಚನವೇ ವಿವರಿಸುವಂತೆ ಓಮೆರ್ ಅಂದರೆ ಏಫಾದ ಹತ್ತನೆಯ ಒಂದು ಪಾಲು. ಇವತ್ತಿನ ಲೆಕ್ಕದಲ್ಲಿ ಸುಮಾರು ಎರಡು ಲೀಟರ್. ನಮ್ಮ ಅಜ್ಜಿಯಂದಿರ ಅಡಿಗೆಮನೆಯ ಸೇರಿನಲ್ಲಿ ಹೆಚ್ಚುಕಡಿಮೆ ಎರಡು ಸೇರು. ಐದು ಜನರ ಮನೆಗೆ ದಿನಕ್ಕೆ ಹತ್ತು ಸೇರು! ಕುಚ್ಚಲಕ್ಕಿ ಗಂಜಿ ಬೇಯಿಸುವವರಿಗೆ ಇದು ಎಷ್ಟು ಧಾರಾಳ ಎಂದು ನಾನು ವಿವರಿಸಬೇಕಾಗಿಲ್ಲ. "ದಿನಕ್ಕೆ ಸಾಕಾಗುವಷ್ಟು" ಎಂದರೆ ಅರೆಹೊಟ್ಟೆ ಎಂದು ಯಾರೂ ತಿಳಿಯಬಾರದು. ದೇವರ ಅಳತೆ ಬಿಗಿಯಾದ ಅಳತೆಯಲ್ಲ. ಅದಕ್ಕಿದ್ದ ಮಿತಿ ಒಂದೇ: ಬೆಳಗಿನವರೆಗೆ ಉಳಿಸಬಾರದು.

16ನೆಯ ವಚನದಲ್ಲಿ ಒಂದು ಸಣ್ಣ ಮಾತಿದೆ, ಬೆರಳಿಟ್ಟು ನೋಡಿ. ಪ್ರತಿಯೊಬ್ಬನೂ ತನ್ನ ಗುಡಾರದಲ್ಲಿರುವವರ ಲೆಕ್ಕದಂತೆ ಕೂಡಿಸಬೇಕು. ತನಗೆ ಮಾತ್ರ ಎಂದಲ್ಲ. ಗುಡಾರದಲ್ಲಿ ಮೊಲೆಯುಣ್ಣುವ ಕೂಸಿದೆ, ಏಳಲಾರದ ಮುದುಕಿಯಿದ್ದಾಳೆ, ಜ್ವರದಲ್ಲಿ ಮಲಗಿದವನಿದ್ದಾನೆ. ಅವರು ಹೊರಗೆ ಹೋಗಿ ಬಾಗಿ ಹೆಕ್ಕಲಾರರು. ಅವರ ಓಮೆರನ್ನು ಕಾಲಲ್ಲಿ ಶಕ್ತಿಯಿದ್ದವರು ತರಬೇಕು. ಕುಟುಂಬ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯ ಆಧಾರವಾಕ್ಯ ನನಗೆ ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ಈಗ ಎಷ್ಟೋ ಮನೆಗಳಲ್ಲಿ ಇಬ್ಬರೇ ವೃದ್ಧರು; ಮಕ್ಕಳು ಮುಂಬೈ, ಬೆಂಗಳೂರು, ದುಬೈ. ಅಮ್ಮನ ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಕಾಣುವುದಿಲ್ಲ. ಅವರ ಪಾಲನ್ನು ತರುವವರು ಯಾರು? ದಿನವೂ ಒಂದೇ ಹೊತ್ತಿಗೆ ಫೋನು ಮಾಡಿ ಹತ್ತು ವಚನ ಓದಿ, ಒಂದು ಕೀರ್ತನೆ ಹೇಳಿ, "ನಮ್ಮ ತಂದೆಯೇ" ಪ್ರಾರ್ಥನೆಯನ್ನು ಜೊತೆಯಲ್ಲೇ ಮುಗಿಸಲು ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ಮಾತಾಡುವುದಕ್ಕಿಂತ ಈ ಹತ್ತು ನಿಮಿಷ ಹೆಚ್ಚು ಊಟ ಕೊಡುತ್ತದೆ. ಅದು ಗುಡಾರದ ಲೆಕ್ಕ.

ಮನೆಯಲ್ಲಿ ಎಲ್ಲರೂ ಕೂಡಿ ಮಾಡುವ ಪ್ರಾರ್ಥನೆ ಎಲ್ಲಿ ನಿಂತುಹೋಗುತ್ತದೆ ಎಂದು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅದು ಭಕ್ತಿ ಕಡಿಮೆಯಾಗಿ ನಿಲ್ಲುವುದು ಅಪರೂಪ. ಬಹಳ ಸಲ ಹೊತ್ತು ತಪ್ಪಿ ನಿಲ್ಲುತ್ತದೆ. ರಾತ್ರಿ ಊಟವಾದ ಮೇಲೆ ಎಂದು ಇಟ್ಟುಕೊಂಡರೆ ಮಕ್ಕಳು ತೂಕಡಿಸುತ್ತಾರೆ, ಪಾತ್ರೆ ತೊಳೆಯುವವರು ಒಳಗೇ ಉಳಿಯುತ್ತಾರೆ. ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಹಸಿವು ಎಲ್ಲರನ್ನೂ ಎಚ್ಚರವಾಗಿ ಇಡುತ್ತದೆ, ಬೇಗ ಮುಗಿಸಬೇಕೆಂಬ ಅಂಕೆಯೂ ಇರುತ್ತದೆ. ಕಥೊಲಿಕ ಮನೆಗಳಲ್ಲಿ ಸಂಜೆಯ ಗಂಟೆಯಾದ ಮೇಲೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುವ ಪದ್ಧತಿ ಇಷ್ಟು ಕಾಲ ಉಳಿದದ್ದರಲ್ಲಿ ಆ ನಿಗದಿತ ಹೊತ್ತಿನ ಪಾಲು ದೊಡ್ಡದು. ಎರಡನೆಯ ತೊಂದರೆ, ಮನೆಯ ಹಿರಿಯರೊಬ್ಬರೇ ಇಪ್ಪತ್ತು ನಿಮಿಷ ಪ್ರಾರ್ಥಿಸುವುದು. ಓದುವವರು ಒಬ್ಬರು, ಕೀರ್ತನೆ ಹೇಳುವವರು ಇನ್ನೊಬ್ಬರು, ಹೆಸರು ಹಿಡಿದು ಬೇಡುವವರು ಮತ್ತೊಬ್ಬರು ಎಂದು ಹಂಚಿ. ಏಳು ವರ್ಷದ ಮಗು ಎರಡು ವಚನ ಓದಲಿ, ತಡವರಿಸಿದರೂ ತಿದ್ದಬೇಡಿ. ಒಟ್ಟು ಹದಿನೈದು ನಿಮಿಷ ದಾಟದಿರಲಿ.

21ನೆಯ ವಚನ: ಬಿಸಿಲೇರಿದಾಗ ಅದು ಕರಗಿಹೋಗುತ್ತಿತ್ತು. ಮಲ್ಪೆಯಲ್ಲಿ ಮೀನು ಇಳಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತು ಮೀರಿದ ಮೇಲೆ ಮಾಲು ಮಾಲಾಗಿ ಉಳಿಯುವುದಿಲ್ಲ. ಮುಂಜಾನೆ ಫೋನು ಕೈಗೆ ಬಂತೆಂದರೆ ನಮ್ಮ ಬಿಸಿಲು ಏರಿದಂತೆಯೇ. ಮಾರ್ಕನ ಸುವಾರ್ತೆ 1:35ರಲ್ಲಿ ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು ಎಂದಿದೆ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ದಣಿದವನಿಗೆ ಮಲಗಲು ಕಾರಣವಿತ್ತು.

ಈಗ ಹುಳದ ವಿಚಾರಕ್ಕೆ ಬರೋಣ. ಕೆಲವರು ಮಾತು ಕೇಳದೆ ಬೆಳಗಿನವರೆಗೆ ಉಳಿಸಿದರು, ಹುಳಬಿದ್ದು ನಾತ ಹೊಡೆಯಿತು. ಇದನ್ನು ಓದಿದಾಗ ನಮ್ಮೂರಿನವರಿಗೆ ಒಂದು ನ್ಯಾಯವಾದ ಪ್ರಶ್ನೆ ಬರಬೇಕು. ನಾವು ಮಳೆಗಾಲಕ್ಕೆ ಕೂಡಿಸಿಡುವವರು. ಮೇ ತಿಂಗಳಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ಒಣಮೀನು. ಹಿಂದಾದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿ. ಇದೆಲ್ಲ ಅವಿಶ್ವಾಸವೇ? ಖಂಡಿತ ಅಲ್ಲ. ಜ್ಞಾನೋಕ್ತಿ 6ರಲ್ಲಿ ಬೇಸಿಗೆಯಲ್ಲಿ ತೀನಿ ಕೂಡಿಸುವ ಇರುವೆಯನ್ನು ನೋಡಿ ಕಲಿತುಕೋ ಎಂದಿದೆ. ಆದಿಕಾಂಡ 41ರಲ್ಲಿ ಯೋಸೇಫನು ಏಳು ಸುಭಿಕ್ಷದ ವರ್ಷಗಳ ಬೆಳೆಯಲ್ಲಿ ಐದನೆಯ ಒಂದು ಪಾಲನ್ನು ಕಣಜದಲ್ಲಿಡಿಸಿದ. ಇದೇ ಅಧ್ಯಾಯದಲ್ಲಿ ಆರನೆಯ ದಿನ ತಲೆಗೆ ಎರಡು ಓಮೆರ್ ಕೂಡಿಸಿ ಇಡಬೇಕೆಂದು ಅಪ್ಪಣೆಯಿದೆ; ಆ ದಿನ ಇಟ್ಟದ್ದಕ್ಕೆ ಹುಳ ಬೀಳಲಿಲ್ಲ. ಒಂದೇ ಮನ್ನ, ಒಂದೇ ಪಾತ್ರೆ. ಸೋಮವಾರ ರಾತ್ರಿ ಇಟ್ಟರೆ ಕೊಳೆಯಿತು, ಶುಕ್ರವಾರ ರಾತ್ರಿ ಇಟ್ಟರೆ ಕೊಳೆಯಲಿಲ್ಲ ಅಂದಹಾಗೆ. ಹಾಗಾದರೆ ದೋಷ ಕೂಡಿಸಿಟ್ಟದ್ದರಲ್ಲಿಲ್ಲ. ನಾಳೆ ದೇವರು ಕೊಡುತ್ತಾನೋ ಇಲ್ಲವೋ ಎಂಬ ಅನುಮಾನದಿಂದ ಇಟ್ಟದ್ದು ಕೊಳೆಯಿತು. ನಾಳೆ ವಿಶ್ರಾಂತಿ ಎಂಬ ಮಾತನ್ನು ನಂಬಿ ಇಟ್ಟದ್ದು ಉಳಿಯಿತು. ಲೂಕ 12ರ ಐಶ್ವರ್ಯವಂತನ ಕಣಜಗಳನ್ನೂ ಹೀಗೆಯೇ ಓದಬೇಕು. ಅವನ ಮಾತಿನಲ್ಲಿ ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ ಇವೆ. ಬೇರೆ ಒಂದು ತಲೆಯ ಲೆಕ್ಕವೂ ಇಲ್ಲ.

ವಿಶ್ರಾಂತಿಯ ದಿನವಾದ ಏಳನೆಯ ದಿನದ (ಸಬ್ಬತ್) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿಯಾಗುವ ಕಾಲ. ಆ ದಿನಗಳಲ್ಲಿ ಕದ್ದು ಬಲೆ ಬೀಸಿದವನು ಮುಂದಿನ ಋತುವಿನ ತುತ್ತನ್ನೇ ಕಸಿದುಕೊಳ್ಳುತ್ತಾನೆ. ವಿಶ್ರಾಂತಿಯೂ ಕೊಡುವುದರ ಒಂದು ಭಾಗ ಎಂದು ಕಡಲು ಕಲಿಸುತ್ತದೆ. ಆದರೂ ಏಳನೆಯ ದಿನ ಕೆಲವರು ಬುಟ್ಟಿ ಹಿಡಿದು ಹೊರಟರು, ಏನೂ ಸಿಗಲಿಲ್ಲ ಎಂದು 27ನೆಯ ವಚನ ಹೇಳುತ್ತದೆ. ಆರನೆಯ ದಿನದ ತಯಾರಿ ಇಲ್ಲದೆ ಏಳನೆಯ ದಿನದ ನೆಮ್ಮದಿ ಬರುವುದಿಲ್ಲ. ಭಾನುವಾರದ ಪಾಠಗಳನ್ನು ಶನಿವಾರ ರಾತ್ರಿಯೇ ಒಮ್ಮೆ ಓದಿ; ಬಟ್ಟೆ, ಕಾಣಿಕೆ, ಮರುದಿನದ ಅಡಿಗೆಯ ಏರ್ಪಾಡು ಅಂದೇ ಆಗಲಿ. ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುವ ನರ್ಸುಗಳು, ಬಸ್ಸಿನವರು ಭಾನುವಾರ ಬರಲಾಗದಿದ್ದರೆ ಅಪರಾಧಿಗಳಂತೆ ಕುಗ್ಗಬೇಕಾಗಿಲ್ಲ. ವಾರದಲ್ಲಿ ಬೇರೆ ಒಂದು ದಿನವನ್ನು ಹಾಗೆ ಕಟ್ಟಿಕೊಳ್ಳಿ. ಸಬ್ಬತ್ ಮನುಷ್ಯನಿಗಾಗಿ ಆಯಿತು ಎಂದವನು ಯೇಸುವೇ.

ದಿನದ ಪಾಲಿನ ಮಾತು ಬಂದಾಗ ವೇದ ಓದುವ ಕ್ರಮವನ್ನು ಹೇಳದೆ ಬಿಡಲಾರೆ. ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಹೊಸ ವರ್ಷದ ಆರಾಧನೆಯಿಂದ ಬಂದು ಜನವರಿ 1ಕ್ಕೆ ಶುರುಮಾಡಿದವರು ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳನ್ನು ಮುಗಿಸಿ ಜನವರಿಯ ಕೊನೆಗೆ ಯಾಜಕಕಾಂಡಕ್ಕೆ ಬರುತ್ತಾರೆ. ಅಲ್ಲಿ 27 ಅಧ್ಯಾಯ. ಹೋಮ, ಕೊಬ್ಬು, ಕುಷ್ಠದ ಪರೀಕ್ಷೆ. ಗಾಡಿ ನಿಲ್ಲುವುದು ಅಲ್ಲಿಯೇ. ಒಂದು ಮದುವೆ, ಒಂದು ಜ್ವರ ಎಂದು ನಾಲ್ಕು ದಿನ ತಪ್ಪಿದರೆ 12 ಅಧ್ಯಾಯ ಬಾಕಿ. ಇಂದಿನ ಮೂರು ಸೇರಿ 15. ಸಾಲಗಾರನ ಮನಸ್ಸಿನಿಂದ ಪುಸ್ತಕ ತೆರೆಯಲು ಕೈ ಬರುವುದಿಲ್ಲ. ಬಾಕಿ ಓದಬೇಡಿ. ನಿನ್ನೆಯ ಮನ್ನ ಕರಗಿಹೋಯಿತು, ಇಂದಿನದು ನೆಲದ ಮೇಲಿದೆ. ಇಂದಿನ ಗುರುತಿನಿಂದಲೇ ಓದಿ. ಹೊಸಬರು ಮಾರ್ಕನಿಂದ ಆರಂಭಿಸಲಿ. 16 ಅಧ್ಯಾಯ, ದಿನಕ್ಕೆ ಅರ್ಧದಂತೆ ಒಂದು ತಿಂಗಳು.

ಓದಿದ್ದನ್ನು ಅರೆಯಲೂ ಬೇಕು. ಮನ್ನ ಬಿದ್ದಂತೆಯೇ ಬಾಯಿಗೆ ಹೋಗುತ್ತಿರಲಿಲ್ಲ. ಅರಣ್ಯಕಾಂಡ 11:8 ನೋಡಿ: ಬೀಸುಕಲ್ಲಿನಲ್ಲಿ ಬೀಸುತ್ತಿದ್ದರು, ಇಲ್ಲವೇ ಒರಳಿನಲ್ಲಿ ಕುಟ್ಟುತ್ತಿದ್ದರು, ಪಾತ್ರೆಯಲ್ಲಿ ಬೇಯಿಸಿ ರೊಟ್ಟಿ ಮಾಡುತ್ತಿದ್ದರು. ಓದಿದ ಭಾಗವನ್ನು ಎರಡು ಸಲ ಓದಿ, ಎರಡನೆಯ ಸಲ ಗಟ್ಟಿಯಾಗಿ. ಯಾರು ಯಾರಿಗೆ ಹೇಳಿದ್ದು, ಯಾವ ಮಾತು ಮತ್ತೆ ಮತ್ತೆ ಬಂದಿದೆ, ಹಿಂದಿನ ಅಧ್ಯಾಯದಲ್ಲಿ ಏನು ನಡೆದಿತ್ತು ಎಂದು ಕೇಳಿಕೊಳ್ಳಿ. ಕಣ್ಣುಮುಚ್ಚಿ ಬೆರಳಿಟ್ಟ ವಚನವನ್ನು ಅಂದಿನ ವಾಗ್ದಾನವೆಂದು ಹಿಡಿಯುವ ಅಭ್ಯಾಸ ನಮ್ಮಲ್ಲಿದೆ. ವಾಗ್ದಾನದ ಕಾರ್ಡು ಗೋಡೆಯ ಮೇಲಿರಲಿ, ಬೇಡವೆನ್ನುವುದಿಲ್ಲ. ಆದರೆ ಆ ವಚನದ ಹಿಂದೆ ಮುಂದೆ ಹತ್ತು ವಚನ ಓದದೆ ಅದನ್ನು ನುಂಗಬೇಡಿ. ಅನೇಕ ಸಲ ಆ ವಾಗ್ದಾನದ ಹಿಂದಿನ ಸಾಲಿನಲ್ಲಿ ಒಂದು ಆಜ್ಞೆ ಇರುತ್ತದೆ.

"ನಮ್ಮ ಅನುದಿನದ ಆಹಾರವನ್ನು" ಎಂದು ನಾವು ಬೇಡುವಲ್ಲಿ ಗ್ರೀಕಿನಲ್ಲಿ ಎಪಿಔಸಿಯೋಸ್ ಎಂಬ ಪದವಿದೆ. ಹೊಸ ಒಡಂಬಡಿಕೆಯಲ್ಲಿ ಮತ್ತಾಯ 6:11, ಲೂಕ 11:3, ಈ ಎರಡು ಕಡೆ ಬಿಟ್ಟರೆ ಮತ್ತೆಲ್ಲೂ ಅದು ಬರುವುದಿಲ್ಲ. ಲತೀನಿಗೆ ತಂದ ಜೆರೋಮನು ಒಂದು ಕಡೆ ಒಂದು ಪದ, ಇನ್ನೊಂದು ಕಡೆ ಬೇರೆ ಪದ ಬಳಸಿದ. ಇಂದಿಗೆ ಬೇಕಾದದ್ದು, ಬರುವ ದಿನದ್ದು, ಬದುಕಿಗೆ ಅಗತ್ಯವಾದದ್ದು ಎಂದು ಪಂಡಿತರು ಹಲವು ಬಗೆಯಾಗಿ ಅರ್ಥ ಮಾಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಪಕ್ಕದ ಪದ: "ನಮ್ಮ". "ನನ್ನ ಆಹಾರ" ಎಂದು ಬೇಡಲು ಆ ಪ್ರಾರ್ಥನೆಯಲ್ಲಿ ಜಾಗವೇ ಇಲ್ಲ.

ಅಲ್ಲಿಂದ 18ನೆಯ ವಚನಕ್ಕೆ ಹೋಗಬಹುದು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮನೆಗೆ ತಂದು ಅಳೆದಾಗ ಅದ್ಭುತವಾಗಿ ಸರಿಹೋಯಿತು ಎಂದು ಕೆಲವರು, ಎಲ್ಲರದ್ದನ್ನೂ ಒಟ್ಟುಹಾಕಿ ಓಮೆರಿನಿಂದ ಅಳೆದು ಹಂಚಿದರು ಎಂದು ಕೆಲವರು ವಿವರಿಸುತ್ತಾರೆ. ಅಪೊಸ್ತಲ ಪೌಲನು ಈ ವಚನವನ್ನು ಎತ್ತಿಕೊಂಡದ್ದು 2 ಕೊರಿಂಥ 8:15ರಲ್ಲಿ, ಯೆರೂಸಲೇಮಿನ ಬಡವರಿಗೆ ಹಣ ಕೂಡಿಸುವ ಸಂದರ್ಭದಲ್ಲಿ. ಹಾಗಾಗಿ ನನ್ನ ಒಲವು ಹಂಚಿಕೆಯ ಕಡೆಗೆ. ಪೌಲನು ಕೊಟ್ಟ ಕ್ರಮವೂ ಸ್ಪಷ್ಟವಾಗಿದೆ. 1 ಕೊರಿಂಥ 16:2ರ ಪ್ರಕಾರ ವಾರದ ಮೊದಲನೆಯ ದಿನ, ಪ್ರತಿಯೊಬ್ಬನೂ, ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಬೇಕು. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆ ಎಂದರೆ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ಲಕೋಟೆಗೆ ಹಾಕಿ. ಆ ಹಣ ಒಯ್ಯಲು ಪೌಲನು ಒಬ್ಬನನ್ನೇ ಕಳುಹಿಸದೆ ಜೊತೆಗಾರರನ್ನೂ ಕಳುಹಿಸಿದ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣ ಕೊಟ್ಟ. ಯಾವ ಸಭೆಯಲ್ಲೂ ಕಾಣಿಕೆಯನ್ನು ಇಬ್ಬರು ಕೂತು ಎಣಿಸಬೇಕು, ಅಂದೇ ಪುಸ್ತಕಕ್ಕೆ ಬರೆದು ಇಬ್ಬರೂ ಸಹಿ ಹಾಕಬೇಕು. ಎಣಿಸುವವರ ಮೇಲೆ ಅನುಮಾನವಿಟ್ಟು ಹೇಳುವ ಮಾತಲ್ಲ ಇದು. ಅವರ ಮೇಲೆ ಅನುಮಾನ ಬಾರದಂತೆ ಕಾಪಾಡುವ ಕ್ರಮ.

ಮನ್ನ ನಿಂತದ್ದು ಯೆಹೋಶುವ 5:12ರಲ್ಲಿ. ನಲವತ್ತು ವರ್ಷಗಳಾದ ಮೇಲೆ ಗಿಲ್ಗಾಲಿನಲ್ಲಿ ಪಸ್ಕ ಹಬ್ಬವನ್ನು ಆಚರಿಸಿ, ಕಾನಾನ್ ದೇಶದ ಬೆಳೆಯನ್ನು ತಿಂದರು. ಮರುದಿನ ಮನ್ನ ಬೀಳಲಿಲ್ಲ. ಕೊಡುವವನು ಅವನೇ, ಈಗ ಗದ್ದೆಯ ಮೂಲಕ ಕೊಟ್ಟ. ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ನಮ್ಮ ಕಥೊಲಿಕ ಬಂಧುಗಳ ಮೊಂತಿ ಹಬ್ಬ, ಮಾತೆ ಮರಿಯಳ ಜನ್ಮದಿನ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತರುತ್ತಾರೆ. ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯಾದ ಮೇಲೆ ಹಿರಿಯರು ಹಂಚುತ್ತಾರೆ. ದೂರದೂರಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಮನೆಗಳೂ ಇವೆ. ಹಂಚುವಾಗ ತೊಟ್ಟಿಲಿನ ಕೂಸಿನ ತುಟಿಗೂ ಬೆರಳ ತುದಿಯಿಂದ ಒಂದಿಷ್ಟು ಹಚ್ಚುತ್ತಾರೆ.