ಗುಡ್ಡ ತೊಳೆದು ಗದ್ದೆ ಮಾಡಿದವರು

ಕೇಳುಗರಿಗೆ ನಮಸ್ಕಾರ.

ಬತ್ತದ ಗದ್ದೆಗಳ ನಡುವೆ ಒಂದು ಪುಟ್ಟ ದಿಬ್ಬ. ಮೇಲೆ ನಾಲ್ಕು ಮರ, ಒಂದು ಸಣ್ಣ ಗುಡಿ, ಇಲ್ಲವೇ ಹಳೆಯ ಗೋರಿಗಳು. ಜಪಾನಿನ ಶಿಮಾನೆ ಪ್ರಾಂತ್ಯದಲ್ಲಿ, ಒಕು-ಇಜುಮೊ ಎಂಬ ಬೆಟ್ಟದ ಸೀಮೆಯಲ್ಲಿ ಇಂಥ ದಿಬ್ಬಗಳು ಅಲ್ಲಲ್ಲಿ ಕಾಣುತ್ತವೆ. ನೋಡಿದರೆ ಯಾರೋ ಮಣ್ಣು ಪೇರಿಸಿದ ಹಾಗಿದೆ. ನಡೆದದ್ದು ಉಲ್ಟಾ. ದಿಬ್ಬ ಮೊದಲಿನಿಂದಲೂ ಅಲ್ಲೇ ಇತ್ತು. ಸುತ್ತಲಿನ ಗುಡ್ಡವನ್ನೇ ಜನ ಅಗೆದು, ನೀರಿನಲ್ಲಿ ತೊಳೆದುಬಿಟ್ಟರು. ಗುಡಿ, ಗೋರಿ ಇದ್ದ ಕಡೆ ಮಾತ್ರ ಗುದ್ದಲಿ ಹಾಕಲಿಲ್ಲ.

ಇಷ್ಟೆಲ್ಲ ಕಬ್ಬಿಣಕ್ಕಾಗಿ. ಇಲ್ಲಿನ ಕಲ್ಲು ಶಿಥಿಲವಾದ ಗ್ರಾನೈಟ್. ಅದರಲ್ಲಿ ಕಪ್ಪು ಕಬ್ಬಿಣದ ಮರಳು ಬೆರೆತಿದೆ, ಆದರೆ ತೀರಾ ಕಡಿಮೆ. ಅದಕ್ಕೇ ಗುಡ್ಡದ ಮಣ್ಣನ್ನು ಕಡಿದು ಕಾಲುವೆಗೆ ತಳ್ಳುತ್ತಿದ್ದರು. ಹಗುರ ಮಣ್ಣು ಹರಿದುಹೋಗುತ್ತದೆ, ಭಾರದ ಕಬ್ಬಿಣದ ಮರಳು ತಳದಲ್ಲಿ ನಿಲ್ಲುತ್ತದೆ. ನಮ್ಮ ಹೆಂಗಸರು ಅಕ್ಕಿ ಗಾಳಿಸಿ ಕಲ್ಲು ತೆಗೆಯುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ರಾಡಿ ನೀರು ಹೊಳೆಗೆ ಇಳಿದರೆ ಕೆಳಗಿನ ರೈತರು ಸುಮ್ಮನಿರುತ್ತಾರೆಯೇ? ಜಗಳವಾಗುತ್ತಿತ್ತು. ಹಾಗಾಗಿ ಗದ್ದೆಗೆ ನೀರು ಬೇಡದ ತಿಂಗಳುಗಳಲ್ಲಿ, ಅಂದರೆ ಚಳಿಗಾಲದ ಆಸುಪಾಸಿನಲ್ಲಿ ಮಾತ್ರ ಈ ಕೆಲಸ.

ಹೀಗೆ ಸಿಕ್ಕ ಮರಳನ್ನು ಕರಗಿಸುವ ಕುಲುಮೆಗೆ ತತಾರಾ ಅನ್ನುತ್ತಾರೆ. ಜೇಡಿಮಣ್ಣಿನದು, ಸುಮಾರು ಮೂರು ಮೀಟರ್ ಉದ್ದ, ಎದೆಮಟ್ಟದ ತೊಟ್ಟಿಯ ಆಕಾರ. ಮೂರು ಹಗಲು, ಮೂರು ರಾತ್ರಿ ಅದು ಆರುವ ಹಾಗಿಲ್ಲ. ಒಂದು ಸಲಕ್ಕೆ ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ನುಂಗುತ್ತದೆ. ಕೊನೆಗೆ ಸಿಗುವುದು ಎರಡೂವರೆ ಟನ್ನಿನ ಒಂದು ಗಟ್ಟಿ. ಅದರಲ್ಲಿ ಕತ್ತಿಗೆ ಒದಗುವ ಒಳ್ಳೆಯ ಉಕ್ಕು ಒಂದು ಟನ್ನೂ ಇರುವುದಿಲ್ಲ. ಆ ಉಕ್ಕಿನ ಹೆಸರು ತಮಾಹಗಾನೆ.

ನನಗೆ ಬಲು ಇಷ್ಟವಾದ ಸಂಗತಿ ಕುಲುಮೆಯ ಗೋಡೆಯದು. ಗೋಡೆಯ ಮಣ್ಣೂ ಒಳಗಿನ ಕಾವಿಗೆ ಕರಗಿ, ಕಿಟ್ಟದ ಜೊತೆ ಸೇರಿ ಹೊರಗೆ ಹರಿಯುತ್ತದೆ. ಗೋಡೆ ದಿನದಿನಕ್ಕೆ ತೆಳ್ಳಗಾಗುತ್ತದೆ. ಇನ್ನು ತಡೆಯಲಾರದು ಅನ್ನುವಷ್ಟಕ್ಕೆ ಕೆಲಸ ಮುಗಿಸಿ, ಕುಲುಮೆಯನ್ನು ಒಡೆದು ಗಟ್ಟಿಯನ್ನು ಹೊರಗೆಳೆಯುತ್ತಾರೆ. ಮುಂದಿನ ಸಲಕ್ಕೆ ಮತ್ತೆ ಹೊಸ ಕುಲುಮೆ. ಇದನ್ನೆಲ್ಲ ನಡೆಸುವ ಹಿರಿಯನಿಗೆ ಮುರಾಗೆ ಅನ್ನುತ್ತಾರೆ. ಅವನು ಉರಿಯ ಬಣ್ಣ ನೋಡಿಯೇ ಹದ ಹೇಳಬಲ್ಲ. ಹಿಂದೆ ತಿದಿಯನ್ನು ಕಾಲಿನಿಂದ ತುಳಿಯುತ್ತಿದ್ದರು. ತುಳಿಯುವವರು ಬಾನ್ಕೊ. ಸುಸ್ತಾದಾಗ ಒಬ್ಬರ ಜಾಗಕ್ಕೆ ಇನ್ನೊಬ್ಬರು. ಸರದಿಯ ಮೇಲೆ ಕೆಲಸ ಮಾಡುವುದಕ್ಕೆ ಜಪಾನಿಗರು ಇಂದಿಗೂ 'ಕವಾರಿಬಾನ್ಕೊ' ಅನ್ನುತ್ತಾರೆ. ಆ ಮಾತು ಹುಟ್ಟಿದ್ದು ಇಲ್ಲೇ ಅಂತ ಹೇಳುವುದುಂಟು. ಮಾತಿನ ವಿಷಯ ಬಂತಲ್ಲ, ನಮ್ಮ 'ಉಕ್ಕು' ಕೂಡ ಯುರೋಪಿಗೆ ಹೋಗಿ 'ವೂಟ್ಸ್' ಆಯಿತು ಅನ್ನುತ್ತಾರೆ, ಅಲ್ವಾ?

ಪಶ್ಚಿಮದ ದೊಡ್ಡ ಊದು ಕುಲುಮೆಗಳು ಬಂದ ಮೇಲೆ ತತಾರಾಗಳು ಆರಿದವು. ಪಕ್ಕದ ಯೋಶಿದಾದ ಸುಗಾಯಾದಲ್ಲಿ 1921ರವರೆಗೆ ಉರಿದ ಕುಲುಮೆಯ ಮನೆ ಇನ್ನೂ ನಿಂತಿದೆ. ಎದುರಿಗೆ ಒಂದು ಕತ್ಸುರಾ ಮರ. ಕಬ್ಬಿಣದ ದೇವತೆ ಕನಾಯಾಗೊ ಬೆಳ್ಳಕ್ಕಿಯ ಮೇಲೆ ಬಂದು ಇಳಿದದ್ದು ಇದೇ ಜಾತಿಯ ಮರಕ್ಕಂತೆ. 1977ರಲ್ಲಿ ಕತ್ತಿಯ ಕಲೆ ಕಾಪಾಡುವ ಸಂಘದವರು ಒಕು-ಇಜುಮೊದಲ್ಲಿ ಒಂದು ಕುಲುಮೆಗೆ ಮತ್ತೆ ಬೆಂಕಿ ಹಚ್ಚಿದರು. ಜಪಾನಿನ ಕತ್ತಿ ಕಮ್ಮಾರರಿಗೆ ಉಕ್ಕು ಹೋಗುವುದು ಅಲ್ಲಿಂದ. ಉರಿಯುವುದು ಚಳಿಗಾಲದಲ್ಲಿ ಮಾತ್ರ.

ಸರಿ, ಕಡಿದ ಗುಡ್ಡದ ಕಥೆ ಏನಾಯಿತು? ಬರಿದಾದ ಇಳಿಜಾರನ್ನು ಹಾಗೇ ಬಿಡದೆ ಮೆಟ್ಟಿಲು ಗದ್ದೆ ಮಾಡಿದರು. ಮರಳು ತೊಳೆಯಲು ತೋಡಿದ ಕಾಲುವೆಯೇ ಗದ್ದೆಗೆ ನೀರು ತಂದಿತು. ಕಬ್ಬಿಣ, ಇದ್ದಿಲು ಹೊರುತ್ತಿದ್ದ ದನಗಳ ಗೊಬ್ಬರ ಆ ಬಡ ಮಣ್ಣಿಗೆ ಬಿತ್ತು. ಇವತ್ತು ಇಲ್ಲಿಯ ನಿತಾ ಅಕ್ಕಿ ಜಪಾನಿನಲ್ಲಿ ಹೆಸರುವಾಸಿ. ಇದ್ದಿಲಿಗೆ ಕಡಿದ ಕಾಡನ್ನು ಸುಮಾರು ಮೂವತ್ತು ವರ್ಷ ಚಿಗುರಲು ಬಿಟ್ಟು ಮತ್ತೆ ಕಡಿಯುತ್ತಿದ್ದರು. ಹೊಳೆಗೆ ಹರಿದ ಮಣ್ಣು ಕೂಡ ವ್ಯರ್ಥವಾಗಲಿಲ್ಲ. ಹೀ ನದಿ ಅದನ್ನು ಹೊತ್ತೊಯ್ದು ಇಜುಮೊ ಬಯಲನ್ನು ಹಿಗ್ಗಿಸಿತು. ಆದರೆ ನದಿಯ ಪಾತ್ರವೂ ತುಂಬಿ ಮೇಲೇರಿ, ಪ್ರವಾಹದ ಕಾಟ ಜಾಸ್ತಿಯಾಯಿತು. ಅದನ್ನು ಮರೆಯಬಾರದು. ಎಂಟು ತಲೆಯ ಹಾವು, ಅದರ ಬಾಲದಲ್ಲಿ ಸಿಕ್ಕ ಕತ್ತಿ. ಈ ಸೀಮೆಯ ಹಳೆಯ ಪುರಾಣ ಅದು. ಆ ಹಾವು ಈ ನದಿಯೇ ಅನ್ನುವವರಿದ್ದಾರೆ.

ಬತ್ತ ಒಪ್ಪದ ಮಣ್ಣಿನಲ್ಲಿ ಸೋಬಾ ಬೆಳೆಯುತ್ತದೆ. ಬಕ್‌ವೀಟ್ ಅನ್ನುತ್ತೇವಲ್ಲ, ಆ ಕಾಳು. ನಮ್ಮ ರಾಗಿಯ ಹಾಗೆ ಬಡ ನೆಲಕ್ಕೂ ಒಗ್ಗುತ್ತದೆ. ಇಜುಮೊದವರು ಸಿಪ್ಪೆಯ ಸಮೇತ ಬೀಸುತ್ತಾರೆ. ಅದಕ್ಕೇ ಅವರ ಶಾವಿಗೆ ಕಪ್ಪು, ಘಮವೂ ಜಾಸ್ತಿ. ಒಂದರ ಮೇಲೊಂದು ಇಟ್ಟ ಮೂರು ದುಂಡು ಕೆಂಪು ಡಬ್ಬಿಗಳಲ್ಲಿ ಬಡಿಸುತ್ತಾರೆ. ಬೇರೆ ಕಡೆ ಶಾವಿಗೆಯನ್ನು ಸಾರಿಗೆ ಅದ್ದಿ ತಿಂದರೆ, ಇಲ್ಲಿ ಸಾರನ್ನೇ ಡಬ್ಬಿಗೆ ಸುರಿಯಬೇಕು. ಮೊದಲ ಡಬ್ಬಿ ಮುಗಿಯಿತೆಂದರೆ ಉಳಿದ ಸಾರು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಕೊನೆಗೆ ಶಾವಿಗೆ ಬೇಯಿಸಿದ ಬಿಸಿ ಗಂಜಿನೀರು ಬರುತ್ತದೆ. ಉಳಿದ ಸಾರಿಗೆ ಅದನ್ನು ಬೆರೆಸಿ ಕುಡಿಯುತ್ತಾರೆ.

ನಮಸ್ಕಾರ.