ಒಂದು ಸರ್ವರ್, ಮೂರು ಗಡಿಯಾರ

ಕೇಳುಗರೇ, ನಮಸ್ಕಾರ. ಲ್ಯಾಬ್‌ಗಳಲ್ಲಿ, ವಿದ್ಯುತ್ ಉಪಕೇಂದ್ರಗಳಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಇವತ್ತಿನ ಮಾತು.

ಪಿಟಿಪಿ ಎಂದರೆ ನೆಟ್‌ವರ್ಕ್ ಮೂಲಕ ಗಡಿಯಾರಗಳನ್ನು ನಿಖರವಾಗಿ ಹೊಂದಿಸುವ ವಿಧಾನ. ಅದನ್ನು ಬಲ್ಲ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದ ಸರ್ವರ್‌ನಲ್ಲಿ ಮೂರು ಗಡಿಯಾರಗಳಿವೆ: ಕಾರ್ಡಿಗೊಂದು, ಸಿಸ್ಟಮ್‌ಗೊಂದು. ಗಡಿಯಾರ ನಡೆಸುವ ಹರಳು ಮೂರಕ್ಕೂ ಬೇರೆ ಬೇರೆ. ವೇಗದಲ್ಲಿ ಹತ್ತು ಲಕ್ಷಕ್ಕೆ ಹತ್ತು ಪಾಲು ವ್ಯತ್ಯಾಸವಿದ್ದರೂ ದಿನಕ್ಕೆ 864 ಮಿಲಿಸೆಕೆಂಡ್ ಜಾರುತ್ತದೆ. ಮೊದಲ ಕಾರ್ಡ್ ಸರಿಯಾಯಿತೆಂದು ಎರಡನೆಯದನ್ನು ನಂಬಬೇಡಿ.

ಕಾರ್ಡುಗಳಲ್ಲಿ ಎಷ್ಟು ಗಡಿಯಾರ ಇವೆಯೆಂದು ತಿಳಿಯಲು ಮೊದಲು ಈ ಆಜ್ಞೆ: ಇಥ್‌ಟೂಲ್, ಅಡ್ಡಗೆರೆ, ದೊಡ್ಡ ಟಿ, ಆಮೇಲೆ ಪೋರ್ಟಿನ ಹೆಸರು ಕೊಡಿ. ಹಾರ್ಡ್‌ವೇರ್ ಕ್ಲಾಕ್ ಎಂಬ ಸಾಲಿನಲ್ಲಿ ಎರಡು ಪೋರ್ಟಿಗೂ ಒಂದೇ ಸಂಖ್ಯೆ ಬಂದರೆ ಗಡಿಯಾರ ಒಂದೇ. ಸೊನ್ನೆ, ಒಂದು ಎಂದು ಬಂದರೆ ಎರಡು. ಆಗ ಲಿನಕ್ಸ್‌ನಲ್ಲಿ ಪಿಟಿಪಿ ನಡೆಸುವ ಪ್ರೋಗ್ರಾಂ ಪಿಟಿಪಿ4ಎಲ್ ತಗಾದೆ ತೆಗೆದು ನಿಂತುಬಿಡುತ್ತದೆ. ಅದರ ಕಾನ್ಫಿಗ್‌ನಲ್ಲಿ ಬೌಂಡರಿ ಕ್ಲಾಕ್ ಜೆಬಾಡ್ ಎಂಬ ಆಯ್ಕೆಗೆ 1 ಎಂದು ಬರೆದರೆ ಓಡುತ್ತದೆ. ಎಷ್ಟೋ ಜನ ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ದಯವಿಟ್ಟು ಗಮನಿಸಿ, ಆ ಸಾಲು ಬರೀ ಅನುಮತಿ. ಒಂದು ಕಾರ್ಡಿನ ಸಮಯವನ್ನು ಇನ್ನೊಂದಕ್ಕೆ ದಾಟಿಸುವುದು ಪಿಎಚ್‌ಸಿ2ಸಿಸ್ ಎಂಬ ಇನ್ನೊಂದು ಪ್ರೋಗ್ರಾಂ. ಅದನ್ನು ಎ, ಆರ್ ಎಂಬ ಎರಡು ಆಯ್ಕೆಗಳೊಂದಿಗೆ ಓಡಿಸಿ. ಎ ಕಾರ್ಡುಗಳನ್ನು ಹೊಂದಿಸುತ್ತದೆ, ಆರ್ ಸಿಸ್ಟಮ್ ಗಡಿಯಾರವನ್ನೂ ಸೇರಿಸುತ್ತದೆ.

ಇನ್ನು 37 ಸೆಕೆಂಡಿನ ಕಥೆ. ಪಿಟಿಪಿ ನಡೆಯುವುದು ಪರಮಾಣು ಕಾಲಮಾನದಲ್ಲಿ. ನಮ್ಮ ನಿತ್ಯದ ಸಮಯಕ್ಕೆ ಆಧಾರ ಯುಟಿಸಿ. 1972ರಲ್ಲಿ ಇವೆರಡರ ಅಂತರ ಹತ್ತು ಸೆಕೆಂಡಿನಿಂದ ಶುರುವಾಯಿತು. ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಆಗಾಗ ಒಂದೊಂದು ಸೆಕೆಂಡ್ ಸೇರಿಸುತ್ತ ಹೋದರು. 2016ರ ಕೊನೆಯ ದಿನ ಸೇರಿಸಿದ್ದು ಇಪ್ಪತ್ತೇಳನೆಯದು. ಹಾಗಾಗಿ 2017ರ ಜನವರಿ 1ರಿಂದ ಅಂತರ 37. ಪಿಎಚ್‌ಸಿ2ಸಿಸ್‌ಗೆ ಎ ಬಿಟ್ಟು, ಮೂಲ ಕಾರ್ಡನ್ನು ಕೈಯಾರೆ ಕೊಟ್ಟು, ಈ ಅಂತರವನ್ನು ಸೊನ್ನೆ ಎಂದು ಕೊಟ್ಟಿರೋ, ಸಿಸ್ಟಮ್ ಗಡಿಯಾರ ಸರಿಯಾಗಿ 37 ಸೆಕೆಂಡ್ ಮುಂದೆ ಹೋಗಿ ಕೂರುತ್ತದೆ. ಎಂಜಿನಿಯರುಗಳು ಕೇಬಲ್ ಬದಲಿಸುತ್ತಾರೆ, ಸ್ವಿಚ್ ಬದಲಿಸುತ್ತಾರೆ! 37 ಕಂಡರೆ ಕೇಬಲ್ ಮುಟ್ಟಬೇಡಿ. ಕೈಯಾರೆ ಕೊಟ್ಟ ಆ ಸೊನ್ನೆಯನ್ನು ತೆಗೆದು ಡಬ್ಲ್ಯೂ ಆಯ್ಕೆ ಹಾಕಿ, ಪಿಎಚ್‌ಸಿ2ಸಿಸ್ ತಾನೇ ಅಂತರವನ್ನು ಪಿಟಿಪಿ4ಎಲ್‌ನಿಂದ ಕೇಳಿಕೊಳ್ಳುತ್ತದೆ.

ಸಮಯ ಕಡಿಮೆಯಿದೆ, ಬೇಗ ಹೇಳುತ್ತೇನೆ. ಒಂದು ಗಡಿಯಾರವನ್ನು ಇಬ್ಬರು ತಿದ್ದಬಾರದು. ಪಿಎಚ್‌ಸಿ2ಸಿಸ್ ಸಿಸ್ಟಮ್ ಗಡಿಯಾರ ತಿದ್ದುತ್ತಿದ್ದರೆ, ಅದೇ ಗಡಿಯಾರವನ್ನು ನೆಟ್‌ವರ್ಕ್ ಸಮಯಕ್ಕೆ ತಿದ್ದುವ ಕ್ರೋನಿ ಎಂಬ ಪ್ರೋಗ್ರಾಂ ನಿಲ್ಲಿಸಿ, ಇಲ್ಲವಾದರೆ ಗಡಿಯಾರ ಹಿಂದೆ ಮುಂದೆ ತೂಗಾಡುತ್ತದೆ. ಮತ್ತೆ ಹೇಳುತ್ತೇನೆ, ಪ್ರತಿ ಗಡಿಯಾರವನ್ನೂ ಬೇರೆಯಾಗಿ ನೋಡಿ. ಲಾಗ್‌ನಲ್ಲಿ ಪ್ರತಿಯೊಂದರ ಮುಂದೂ ಎಸ್2 ಎಂದು ಬರಬೇಕು, ಅಂದರೆ ಗಡಿಯಾರ ಹೊಂದಿಕೊಂಡಿದೆ ಎಂದರ್ಥ. ಆಫ್‌ಸೆಟ್, ಅಂದರೆ ಮೂಲ ಗಡಿಯಾರದಿಂದ ಇರುವ ವ್ಯತ್ಯಾಸ, ನ್ಯಾನೊಸೆಕೆಂಡಿನಲ್ಲಿ ಬರುತ್ತದೆ. ಅದು ಸೊನ್ನೆಯ ಆಚೀಚೆ ಆಡುತ್ತಿರಬೇಕು, ಒಂದೇ ದಿಕ್ಕಿಗೆ ಬೆಳೆಯುತ್ತ ಹೋಗಬಾರದು. ನಮಸ್ಕಾರ.