ರಾಜನ ಮೊಮ್ಮಗ ಕಟ್ಟಿದ ಒಪೆರಾ

ಕೇಳುಗರೆ, ನಮಸ್ಕಾರ.

ಇಂಗ್ಲೆಂಡಿನ ಸಿಂಹಾಸನವನ್ನು ಬಿಟ್ಟುಕೊಟ್ಟ ಎಂಟನೆಯ ಎಡ್ವರ್ಡ್ ತಮ್ಮ ತಂಗಿಯ ಮಗನ ಬಗ್ಗೆ ಒಮ್ಮೆ ಅಚ್ಚರಿಪಟ್ಟಿದ್ದರಂತೆ. ಈ ಜಾರ್ಜ್‌ಗೆ ಸಂಗೀತದ ಗೀಳು ಎಲ್ಲಿಂದ ಅಂಟಿತೋ, ಅವನ ಅಪ್ಪ ಅಮ್ಮ ಸರಿಯಾಗಿಯೇ ಇದ್ದರಲ್ಲ, ಕುದುರೆ, ನಾಯಿ, ಹಳ್ಳಿಗಾಡು ಅಂತ ಆರಾಮಾಗಿದ್ದರಲ್ಲ ಎಂದು. ಆ ಸೋದರಳಿಯನ ಹೆಸರು ಜಾರ್ಜ್ ಲ್ಯಾಸೆಲ್ಸ್, ಹಾರ್‌ವುಡ್‌ನ ಏಳನೆಯ ಅರ್ಲ್. ಅರ್ಲ್ ಎಂದರೆ ವಂಶಪಾರಂಪರ್ಯವಾಗಿ ಬರುವ ಒಂದು ಪದವಿ. ಹುಟ್ಟಿದ್ದು 1923ರ ಫೆಬ್ರವರಿ 7ರಂದು. ಐದನೆಯ ಜಾರ್ಜ್ ದೊರೆಗೆ ಮೊದಲ ಮೊಮ್ಮಗ, ಮುಂದೆ ರಾಣಿಯಾದ ಎರಡನೆಯ ಎಲಿಜಬೆತ್‌ಗೆ ಸೋದರತ್ತೆಯ ಮಗ. ಇವತ್ತು ನಾನು ಹೇಳಹೊರಟಿರುವುದು ಈ ಮನುಷ್ಯನ ಕಥೆಯನ್ನು.

ಒಪೆರಾ ಎಂದರೆ ಮಾತಿನ ಬದಲು ಹಾಡಿನಲ್ಲೇ ನಡೆಯುವ ನಾಟಕ. ರಂಗದ ಮುಂದೆ ತಗ್ಗಿನಲ್ಲಿ ಹತ್ತಾರು ವಾದ್ಯಗಾರರು, ಮೇಲೆ ಧ್ವನಿವರ್ಧಕದ ಹಂಗಿಲ್ಲದೆ ಹಾಡುವ ಗಾಯಕ ನಟರು. ನಮ್ಮ ಕಂಪನಿ ನಾಟಕಗಳಲ್ಲಿ ಕೊನೆಯ ಬೆಂಚಿನವರೆಗೂ ಕೇಳುವಂತೆ ಕಂದ ಪದ್ಯ ಎತ್ತಿಕೊಳ್ಳುತ್ತಿದ್ದ ನಟರನ್ನು ನೆನೆದರೆ ಆ ಕಂಠಶಕ್ತಿಯ ಅಂದಾಜು ಸಿಕ್ಕೀತು. ಆದರೆ ಬ್ರಿಟನ್ನಿನಲ್ಲಿ ಒಪೆರಾ ಬಹುಕಾಲ ಲಂಡನ್ನಿನ ಸಿರಿವಂತರ ಸಂಜೆಯಾಗಿತ್ತು. ಹಾಡು ಇಟಾಲಿಯನ್ನಿನಲ್ಲೋ ಜರ್ಮನ್ನಿನಲ್ಲೋ, ಟಿಕೆಟ್ಟು ದುಬಾರಿ. ಅದೇ ಸಿರಿವಂತರ ಸಾಲಿನಲ್ಲಿ ಹುಟ್ಟಿದವರೊಬ್ಬರು ಅದನ್ನು ಜನರ ಭಾಷೆಗೆ, ಜನರ ಊರಿಗೆ ತರಲು ಬದುಕಿನ ಬಹುಪಾಲನ್ನು ಕೊಟ್ಟರು. ಅವರ ಮೇಲೆ ನನಗಿರುವ ಗೌರವಕ್ಕೆ ಕಾರಣ ಅದು.

ಹಾರ್‌ವುಡ್ ಮನೆತನದ ಬಂಗಲೆ ಯಾರ್ಕ್‌ಶೈರಿನಲ್ಲಿ, ಲೀಡ್ಸ್ ನಗರದ ಹತ್ತಿರವಿದೆ. ಹದಿನೆಂಟನೆಯ ಶತಮಾನದ ಕಟ್ಟಡ. ಒಳಾಂಗಣ ರಾಬರ್ಟ್ ಆಡಮ್‌ನದು, ಪೀಠೋಪಕರಣ ಚಿಪ್ಪೆಂಡೇಲನದು. ಅದನ್ನು ಕಟ್ಟಿಸಿದ ಹಣ ವೆಸ್ಟ್ ಇಂಡೀಸಿನ ಸಕ್ಕರೆ ತೋಟಗಳಿಂದ, ಗುಲಾಮರ ದುಡಿಮೆಯಿಂದ ಮತ್ತು ವ್ಯಾಪಾರದಿಂದ ಬಂದದ್ದು. ಆ ಮನೆಯ ಚೆಲುವನ್ನು ಹೊಗಳುವಾಗ ಇದನ್ನು ಹೇಳದೆ ಬಿಡುವುದು ತಪ್ಪು. 1947ರಲ್ಲಿ ತಂದೆ ತೀರಿಕೊಂಡಾಗ ಜಾರ್ಜ್ ಅವರ ಪಾಲಿಗೆ ಬಂದದ್ದು ಈ ಬಂಗಲೆ, ಅರ್ಲ್ ಪದವಿ, ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ ಒಂದು ಆಸನ, ಮತ್ತು ತಲೆಯ ಮೇಲೆ ದೊಡ್ಡ ಮರಣ ತೆರಿಗೆ. ತೆರಿಗೆ ಕಟ್ಟಲು ಜಮೀನಿನ ದೊಡ್ಡ ಭಾಗವನ್ನೇ ಮಾರಬೇಕಾಯಿತು.

ಆದರೆ ಅದಕ್ಕೂ ಮೊದಲು ಯುದ್ಧ ಇತ್ತು. ಗ್ರೆನೇಡಿಯರ್ ಗಾರ್ಡ್ಸ್ ಪಡೆಯ ಅಧಿಕಾರಿಯಾಗಿ ಇಟಲಿಯಲ್ಲಿ ಕಾದಾಡುತ್ತಿದ್ದ ಅವರು 1944ರ ಜೂನ್‌ನಲ್ಲಿ ಪೆರೂಜಿಯಾ ಬಳಿ ಗಾಯಗೊಂಡು ಜರ್ಮನರ ಕೈಗೆ ಸಿಕ್ಕರು. ದೊರೆಯ ಸೋದರಳಿಯ ಎಂದು ಗೊತ್ತಾದ ಮೇಲೆ ಅವರನ್ನು ಜರ್ಮನಿಯಲ್ಲಿ ಯುದ್ಧಕೈದಿಗಳ ಸೆರೆಮನೆಯಾಗಿದ್ದ ಕೋಲ್ಡಿಟ್ಸ್ ಕೋಟೆಗೆ ಸಾಗಿಸಿದರು. ಹೆಸರಾಂತ ಮನೆತನಗಳ ಕೈದಿಗಳನ್ನು ಅಲ್ಲಿ ಒತ್ತೆಯಾಳುಗಳಾಗಿ ಬೇರೆಯಾಗಿಯೇ ಇರಿಸಿದ್ದರು. 1945ರ ಮಾರ್ಚ್‌ನಲ್ಲಿ ಜಾರ್ಜ್ ಅವರ ಮರಣದಂಡನೆಗೆ ಹಿಟ್ಲರ್ ಸಹಿ ಹಾಕಿದ. ಯುದ್ಧ ಸೋತೇ ಹೋಯಿತೆಂದು ಕಂಡುಕೊಂಡಿದ್ದ ಗೊಟ್ಲೋಬ್ ಬೆರ್ಗರ್ ಎಂಬ, ನಾಜಿಗಳ ಎಸ್‌ಎಸ್ ಪಡೆಯ ಸೇನಾಧಿಕಾರಿ ಆ ಆಜ್ಞೆಯನ್ನು ಪಾಲಿಸಲಿಲ್ಲ. ಕೈದಿಗಳನ್ನು ಸ್ವಿಸ್ ಅಧಿಕಾರಿಗಳಿಗೆ ಒಪ್ಪಿಸಿಬಿಟ್ಟ. ಇಂಥ ಸೆರೆವಾಸದಲ್ಲಿ ಈ ಯುವಕ ಏನು ಮಾಡುತ್ತಿದ್ದ ಅಂತೀರಿ? ಗ್ರೋವ್ ಸಂಗೀತ ನಿಘಂಟನ್ನು ಮೊದಲ ಅಕ್ಷರದಿಂದ ಸಾಲಾಗಿ ಓದುತ್ತಿದ್ದ. ನಾಳೆ ಬದುಕಿರುತ್ತೇನೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಅದನ್ನು ಓದಬೇಕಾದರೆ ಆ ಪ್ರೀತಿ ಎಷ್ಟು ಆಳವಾಗಿದ್ದೀತು!

ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು. 1949ರಲ್ಲಿ ಮದುವೆ. ಹೆಂಡತಿ ಮೇರಿಯನ್ ಸ್ಟೈನ್ ಪಿಯಾನೋ ವಾದಕಿ. ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದ ಯಹೂದಿ ಸಂಗೀತಜ್ಞರ ಮಗಳು. 1950ರಲ್ಲಿ ಹಾರ್‌ವುಡ್ 'ಒಪೆರಾ' ಎಂಬ ಹೆಸರಿನದೇ ಪತ್ರಿಕೆಯೊಂದನ್ನು ಹುಟ್ಟುಹಾಕಿ ಸಂಪಾದಕರಾದರು. ಒಪೆರಾಗಳ ಕಥೆ ಹೇಳುವ, ಗುಸ್ತಾವ್ ಕೋಬೆ ಬರೆದಿದ್ದ ದಪ್ಪ ಗ್ರಂಥವನ್ನು ಪರಿಷ್ಕರಿಸಿ 1954ರಲ್ಲಿ ಹೊರತಂದರು. ಆಮೇಲೂ ದಶಕಗಳ ಕಾಲ ಅದನ್ನು ತಿದ್ದಿ ಬೆಳೆಸುತ್ತಲೇ ಹೋದರು. ಹೊಸದಾಗಿ ಒಪೆರಾ ನೋಡಲು ಹೋಗುವವರಿಗೆ ಇವತ್ತಿಗೂ ಅದು ಕೈಪಿಡಿ.

ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿರುವ ರಾಯಲ್ ಒಪೆರಾ ಹೌಸ್‌ನ ಆಡಳಿತದಲ್ಲಿದ್ದಾಗ ಅವರು ಒಂದು ದೊಡ್ಡ ಸಾಹಸಕ್ಕೆ ಕೈಹಾಕಿದರು. ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಸಂದರ್ಭಕ್ಕೆ ಹೊಸ ಒಪೆರಾ ಬರೆಯುವಂತೆ ಗೆಳೆಯ, ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್‌ರನ್ನು ಒಪ್ಪಿಸಿದರು. ರಾಣಿಯ ಅನುಮತಿಯೂ ಸಿಕ್ಕಿತು. ಹೆಸರು 'ಗ್ಲೋರಿಯಾನಾ', ಮೊದಲನೆಯ ಎಲಿಜಬೆತ್ ಮತ್ತು ಅರ್ಲ್ ಆಫ್ ಎಸೆಕ್ಸ್‌ನ ಕಥೆ. 1953ರ ಜೂನ್ 8ರಂದು ಮೊದಲ ಪ್ರದರ್ಶನ. ಮಂತ್ರಿಗಳು, ರಾಯಭಾರಿಗಳು, ಒಡವೆ ತೊಟ್ಟ ಹೆಂಗಸರು. ಹಬ್ಬದ ಸಂಜೆಗೆ ಜಯಘೋಷ ಕೇಳಲು ಬಂದಿದ್ದವರ ಮುಂದೆ ವಯಸ್ಸಾದ, ಒಂಟಿಯಾದ, ವಿಗ್ಗಿಲ್ಲದ ಬರಿದಲೆಯಲ್ಲಿ ಪ್ರಿಯಕರನ ಕಣ್ಣಿಗೆ ಬೀಳುವ ರಾಣಿ ನಿಂತಳು. ಚಪ್ಪಾಳೆ ಸೊರಗಿತು. ಸಾರ್ವಜನಿಕ ಹಣವನ್ನು ಪೋಲು ಮಾಡಿದಿರಿ ಎಂಬ ಮಾತೂ ಬಂತು. ನನ್ನ ಮಟ್ಟಿಗೆ ಅದು ಸೋಲಲ್ಲ. ಅರಮನೆಯ ಹುಡುಗನೇ ರಾಣಿಯನ್ನು ಮನುಷ್ಯಳಾಗಿ ತೋರಿಸುವ ಕೃತಿಯನ್ನು ಅರಮನೆಯವರ ಮುಂದಿಟ್ಟದ್ದು ಸಣ್ಣ ಧೈರ್ಯವಲ್ಲ. 1966ರಲ್ಲಿ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಒಪೆರಾ ತಂಡ ಅದೇ ಕೃತಿಯನ್ನು ಮತ್ತೆ ಆಡಿದಾಗ ಜನ ಮೆಚ್ಚಿಕೊಂಡರು.

1961ರಿಂದ 1965ರವರೆಗೆ ಸ್ಕಾಟ್ಲೆಂಡಿನ ಎಡಿನ್‌ಬರೋ ಕಲಾ ಉತ್ಸವದ ನಿರ್ದೇಶಕತ್ವ. ಈ ಐದು ವರ್ಷಗಳ ಬಗ್ಗೆ ನನಗೆ ವಿಶೇಷ ಅಕ್ಕರೆ. ಒಂದು ವರ್ಷ ಸಂಯೋಜಕ ಶೋನ್‌ಬರ್ಗ್‌ನ ಸಂಗೀತ, ಇನ್ನೊಂದು ವರ್ಷ ಸೋವಿಯತ್ ದೇಶದಿಂದ ಸ್ವತಃ ಸಂಯೋಜಕ ಶೋಸ್ಟಕೋವಿಚ್, ಮತ್ತೊಮ್ಮೆ ಪ್ರಾಗ್‌ನಿಂದ ಯಾನಾಚೆಕ್‌ನ ಒಪೆರಾಗಳು. 1963ರಲ್ಲಿ ಅವರು ಬಾಗಿಲು ತೆರೆದದ್ದು ಭಾರತಕ್ಕೆ. ಎಂ. ಎಸ್. ಸುಬ್ಬುಲಕ್ಷ್ಮಿ ಪಶ್ಚಿಮದ ಕೇಳುಗರ ಮುಂದೆ ಮೊದಲ ಬಾರಿಗೆ ಹಾಡಿದ್ದು ಆ ವರ್ಷ, ಎಡಿನ್‌ಬರೋದಲ್ಲಿ. ಬಾಲಸರಸ್ವತಿಯವರ ಭರತನಾಟ್ಯ, ರವಿಶಂಕರ್ ಅವರ ಸಿತಾರ್ ಕೂಡ ಆ ಉತ್ಸವದಲ್ಲಿದ್ದವು. ಎಂ. ಎಸ್. ಕಂಠದಲ್ಲಿ ಪುರಂದರದಾಸರ 'ಜಗದೋದ್ಧಾರನ' ಕೇಳಿ ಬೆಳೆದ ನಮಗೆ, ಆ ಕಂಠವನ್ನು ಸ್ಕಾಟ್ಲೆಂಡಿಗೆ ಕರೆಸಿಕೊಂಡವರ ಹೆಸರು ತಿಳಿದಿರಬೇಕು ಎನ್ನಿಸುತ್ತದೆ. ನಮ್ಮ ಸಂಗೀತವನ್ನು ವಿಚಿತ್ರ ವಸ್ತುವಿನಂತೆ ಮೂಲೆಯಲ್ಲಿ ಇಡದೆ, ಯುರೋಪಿನ ದೊಡ್ಡ ಸಂಗೀತಗಾರರ ಸಾಲಿನಲ್ಲೇ ಕೂರಿಸಿದರು.

ಅವರ ಖಾಸಗಿ ಬದುಕು ಆಗ ಬಿರುಕು ಬಿಟ್ಟಿತ್ತು. ಆಸ್ಟ್ರೇಲಿಯಾದ ಪಿಟೀಲು ವಾದಕಿ ಪೆಟ್ರೀಷಿಯಾ ಟಕ್‌ವೆಲ್ ಅವರೊಂದಿಗೆ ಪ್ರೀತಿ. 1964ರಲ್ಲಿ ಅವರಿಗೊಬ್ಬ ಮಗ. 1967ರಲ್ಲಿ ವಿಚ್ಛೇದನವಾಯಿತು. 1772ರ ರಾಜಮನೆತನದ ವಿವಾಹ ಕಾನೂನಿನಂತೆ ಮರುಮದುವೆಗೆ ರಾಣಿಯ ಒಪ್ಪಿಗೆ ಬೇಕಿತ್ತು. ಮಂತ್ರಿಮಂಡಲದ ಸಲಹೆಯ ಮೇಲೆ ಅದು ಸಿಕ್ಕಿತು. ಆದರೆ ಹಳೆಯ ಗೆಳೆಯ ಬ್ರಿಟನ್ ದೂರವಾದರು. ತಮ್ಮ ಆಲ್ಡ್‌ಬರೋ ಸಂಗೀತೋತ್ಸವದ ಅಧ್ಯಕ್ಷ ಸ್ಥಾನದಿಂದಲೂ ಹಾರ್‌ವುಡ್‌ರನ್ನು ಇಳಿಯಹೇಳಿದರು. ಮೊದಲ ಹೆಂಡತಿಗಾದ ನೋವು ಸಣ್ಣದಲ್ಲ, ಒಪ್ಪುತ್ತೇನೆ. ಆದರೂ 'ಗ್ಲೋರಿಯಾನಾ'ಕ್ಕಾಗಿ ಮೂದಲಿಕೆ ತಿಂದ ಗೆಳೆಯನನ್ನು ಹೀಗೆ ಬಿಟ್ಟುಬಿಡಬಾರದಿತ್ತು.

1972ರಲ್ಲಿ ಸ್ಯಾಡ್ಲರ್ಸ್ ವೆಲ್ಸ್ ಒಪೆರಾ ಕಂಪನಿಯ ಹೊಣೆ ಅವರ ಹೆಗಲಿಗೆ ಬಂತು. ಅಷ್ಟರಲ್ಲಿ ತಂಡ ಲಂಡನ್ನಿನ ಕೊಲಿಸಿಯಂ ರಂಗಮಂದಿರಕ್ಕೆ ಬಂದಿತ್ತು, 2,300ಕ್ಕೂ ಹೆಚ್ಚು ಆಸನಗಳಿರುವ ಜಾಗ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಹಾಡಬೇಕು ಎಂಬುದು ಅದರ ನೇಮ. 1974ರಲ್ಲಿ ಅದರ ಹೆಸರು ಇಂಗ್ಲಿಷ್ ನ್ಯಾಷನಲ್ ಒಪೆರಾ ಎಂದಾಯಿತು. 1985ರವರೆಗೆ ಹಾರ್‌ವುಡ್ ಅದನ್ನು ನಡೆಸಿದರು. ಜರ್ಮನ್ ಸಂಯೋಜಕ ವ್ಯಾಗ್ನರ್‌ನ 'ರಿಂಗ್' ನಾಲ್ಕು ಒಪೆರಾಗಳ ಮಾಲೆ. ರೆಜಿನಾಲ್ಡ್ ಗುಡಾಲ್ ಅವರ ವಾದ್ಯವೃಂದ ನಿರ್ದೇಶನದಲ್ಲಿ ಅದರ ಕೆಲಸ ಮೊದಲೇ ಶುರುವಾಗಿತ್ತು, 1973ರಲ್ಲಿ ಇಡೀ ಮಾಲೆ ಇಂಗ್ಲಿಷಿನಲ್ಲಿ ರಂಗಕ್ಕೆ ಬಂತು. ವೀರ ಸೀಗ್‌ಫ್ರೀಡ್‌ನಾಗಿ ಹಾಡಿದ ಆಲ್ಬರ್ಟೊ ರೆಮೆಡಿಯೋಸ್ ಲಿವರ್‌ಪೂಲ್‌ನವರು, ಹಿಂದೆ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು. ದೇವತೆಗಳ ಜಗಳ, ಚಿನ್ನದ ಆಸೆ, ಕೊಟ್ಟ ಮಾತು ಮುರಿದವರ ಕೇಡು, ಎಲ್ಲವೂ ಗ್ಯಾಲರಿಯಲ್ಲಿ ಕುಳಿತ ಗುಮಾಸ್ತನಿಗೂ ತನ್ನದೇ ನುಡಿಯಲ್ಲಿ ಕೇಳಿಸಿತು. 1982ರಲ್ಲಿ ರಂಗನಿರ್ದೇಶಕ ಜೊನಾಥನ್ ಮಿಲ್ಲರ್ ವೆರ್ಡಿಯ 'ರಿಗೊಲೆಟ್ಟೊ'ವನ್ನು ನ್ಯೂಯಾರ್ಕಿನ ಮಾಫಿಯಾ ಲೋಕಕ್ಕೆ ತಂದು ನಿಲ್ಲಿಸಿದ್ದೂ ಇದೇ ರಂಗದ ಮೇಲೆ.

ಇಷ್ಟಾದರೂ ಇದು ಲಂಡನ್ನಿನ ಮಾತಾಯಿತು. ಹಾರ್‌ವುಡ್‌ಗೆ ತಮ್ಮ ಲೀಡ್ಸ್ ಇತ್ತು. ಅವರು ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು; 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಇಡೀ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷರೂ ಅವರೇ. ಗಣಿ, ಗಿರಣಿಗಳ ಆ ಉತ್ತರದ ಸೀಮೆಗೆ ಒಪೆರಾ ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟನಾಗದೆ ಮನೆಯವನೇ ಆಗಬೇಕೆಂದು ಅವರು ಹಟ ಹಿಡಿದರು. 1978ರ ನವೆಂಬರ್ 15ರಂದು ಲೀಡ್ಸ್‌ನ ಗ್ರ್ಯಾಂಡ್ ಥಿಯೇಟರಿನಲ್ಲಿ ಲಂಡನ್ನಿನ ಆ ಕಂಪನಿಯ ಉತ್ತರದ ಶಾಖೆಯಾದ ಇಂಗ್ಲಿಷ್ ನ್ಯಾಷನಲ್ ಒಪೆರಾ ನಾರ್ತ್ ತನ್ನ ಮೊದಲ ಪ್ರದರ್ಶನ ಕೊಟ್ಟಿತು. ಆಡಿದ್ದು ಸ್ಯಾನ್ಸಾನ್ಸ್‌ನ 'ಸ್ಯಾಮ್ಸನ್ ಮತ್ತು ಡೆಲಿಲಾ'. 1981ರಲ್ಲಿ ಅದು ಒಪೆರಾ ನಾರ್ತ್ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಆ ತಂಡವೇ 1990ರ ದಶಕದಲ್ಲಿ ಜೋಸೆಫೀನ್ ಬಾರ್ಸ್ಟೋ ಅವರನ್ನು ರಾಣಿಯಾಗಿಸಿ 'ಗ್ಲೋರಿಯಾನಾ'ವನ್ನು ಆಡಿತು, ಮತ್ತು ಆ ಕೃತಿಗೆ ಸಲ್ಲಬೇಕಾದ ಮೆಚ್ಚುಗೆ ಕೊನೆಗೂ ಸಂದಿತು. ಅದನ್ನು ನೋಡಲು ಹಾರ್‌ವುಡ್ ಬದುಕಿದ್ದರು ಎಂಬುದು ನನಗೆ ಸಂತೋಷದ ಸಂಗತಿ.

1999ರಲ್ಲಿ ಮೇಲ್ಮನೆಯಿಂದ ವಂಶಪಾರಂಪರ್ಯದ ಬಹುಪಾಲು ಸದಸ್ಯರನ್ನು ಕೈಬಿಟ್ಟಾಗ ಅವರ ಆಸನವೂ ಹೋಯಿತು. 2011ರ ಜುಲೈ 11ರಂದು, 88ನೆಯ ವಯಸ್ಸಿನಲ್ಲಿ, ತಮ್ಮ ಯಾರ್ಕ್‌ಶೈರ್ ಮನೆಯಲ್ಲಿ ತೀರಿಕೊಂಡರು. ಒಪೆರಾ ನಾರ್ತ್ ಇಂದಿಗೂ ಲೀಡ್ಸ್‌ನಲ್ಲಿದೆ. ಗುಡಾಲ್ ಅವರ ಇಂಗ್ಲಿಷ್ 'ರಿಂಗ್' ಕೊಲಿಸಿಯಂನಲ್ಲಿ ನಡೆದಾಗಲೇ ಧ್ವನಿಮುದ್ರಣವಾಗಿದೆ, ಈಗಲೂ ಸಿಗುತ್ತದೆ. ಒಪೆರಾ ಕೇಳಬೇಕೆಂಬ ಆಸೆ ನಿಮಗಿದ್ದು, ಜರ್ಮನ್ ಬಾರದೆ ಹಿಂಜರಿದಿದ್ದರೆ ಆ ಮಾಲೆಯ 'ವಾಲ್ಕಿರಿ' ಎಂಬ ಒಪೆರಾದಿಂದ ಶುರುಮಾಡಿ. ಅಪ್ಪ ವೋಟಾನ್ ಮಗಳನ್ನು ಬೀಳ್ಕೊಡುವ ಕೊನೆಯ ಅಂಕವನ್ನು ಮೊದಲು ಕೇಳಿ. ನಾರ್ಮನ್ ಬೇಲಿ ಹಾಡಿದ್ದಾರೆ, ಮಾತು ಸ್ಪಷ್ಟವಾಗಿ ಕೇಳುತ್ತದೆ.

ನಮಸ್ಕಾರ.